ಅಂಟಿನ ಆವಿ, ಅಂಗಾಲಿನ ಜೋಮು

ಕೇಳುಗರಿಗೆ ನಮಸ್ಕಾರ.

ಚಪ್ಪಲಿ ಮಾಡುವವರು ಅಟ್ಟೆಗೆ ಅಂಟು ಸವರಿ, ಜೋಡಿಸುವ ಮೊದಲು ಸ್ವಲ್ಪ ಹೊತ್ತು ಒಣಗಲು ಬಿಡುತ್ತಾರೆ. ಒಣಗುವುದೆಂದರೆ ಅಂಟನ್ನು ತೆಳುವಾಗಿಸಿದ್ದ ದ್ರಾವಕವು ಆವಿಯಾಗಿ ಕೋಣೆಯ ಗಾಳಿಗೆ ಸೇರುವುದು. ಆ ಗಾಳಿಯನ್ನೇ ಕೆಲಸಗಾರರು ದಿನವಿಡೀ ಉಸಿರಾಡುತ್ತಾರೆ.

ಇದರ ಪರಿಣಾಮವನ್ನು ಜಪಾನ್ ಎರಡು ಸಲ ಅನುಭವಿಸಿತು. 1950ರ ದಶಕದ ಕೊನೆಯಲ್ಲಿ ಒಸಾಕಾದಲ್ಲಿ ಮನೆಯಲ್ಲಿಯೇ ಕುಳಿತು ಸ್ಯಾಂಡಲ್ ಅಂಟಿಸುತ್ತಿದ್ದವರಲ್ಲಿ ಕೆಲವರು ತೀವ್ರ ರಕ್ತಹೀನತೆಯಿಂದ ಸತ್ತರು. ಅಂಟಿನಲ್ಲಿದ್ದ ಬೆಂಜೀನ್, ರಕ್ತಕಣಗಳು ಹುಟ್ಟುವ ಮೂಳೆಯ ಮಜ್ಜೆಯನ್ನೇ ಕೆಡಿಸಿತ್ತು. ಬೆಂಜೀನಿನಿಂದ ರಕ್ತದ ಕ್ಯಾನ್ಸರ್ ಕೂಡ ಬರುತ್ತದೆ. 1959ರಲ್ಲಿ ಸರ್ಕಾರ ಬೆಂಜೀನ್ ಬೆರೆತ ಅಂಟನ್ನು ನಿಷೇಧಿಸಿತು, ಮತ್ತು ಅದರ ಜಾಗಕ್ಕೆ ನಾರ್ಮಲ್ ಹೆಕ್ಸೇನ್ ಎಂಬ ದ್ರಾವಕ ಬಂತು. ಹತ್ತು ವರ್ಷ ಕಳೆಯುವುದರೊಳಗೆ, ಮಿಕಾವಾ ಪ್ರದೇಶದ 1,662 ಸ್ಯಾಂಡಲ್ ಕೆಲಸಗಾರರನ್ನು ಪರೀಕ್ಷಿಸಿದಾಗ 93 ಮಂದಿಯ ಕೈಕಾಲಿನ ನರಗಳು ಹಾಳಾಗಿದ್ದವು. ಒಂದು ವಿಷವನ್ನು ಹೊರಗೆ ಕಳಿಸಿದವರು ಒಳಗೆ ಕರೆದುಕೊಂಡದ್ದು ಏನೆಂದು ನೋಡಿರಲಿಲ್ಲ.

ಹೆಕ್ಸೇನ್ ತಾನಾಗಿ ಅಷ್ಟು ಕೆಡುಕು ಮಾಡುವುದಿಲ್ಲ. ನಮ್ಮ ಯಕೃತ್ತು ಅದನ್ನು ಹೊರಹಾಕಲೆಂದು ಒಡೆಯುವಾಗ ಹುಟ್ಟುವ ಇನ್ನೊಂದು ವಸ್ತುವು ನರತಂತುಗಳೊಳಗಿನ ಪ್ರೋಟೀನಿಗೆ ಅಂಟಿಕೊಂಡು, ನರದ ಉದ್ದಕ್ಕೂ ನಡೆಯಬೇಕಾದ ಸಾಗಣೆಯನ್ನು ತಡೆಯುತ್ತದೆ. ಅತಿ ಉದ್ದದ ನರಗಳು ಮೊದಲು ಸೋಲುವುದರಿಂದ ತೊಂದರೆ ಪಾದದಲ್ಲಿ ಆರಂಭವಾಗುತ್ತದೆ: ಅಂಗಾಲಿಗೆ ಜೋಮು ಹಿಡಿಯುತ್ತದೆ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯುವುದಿಲ್ಲ, ಮೆಟ್ಟಿಲು ಹತ್ತುವಾಗ ಮುಂಗಾಲು ಏಳದೆ ಎಡವುತ್ತದೆ. ಸಕ್ಕರೆ ಕಾಯಿಲೆಯಲ್ಲಿಯೂ ಇಂಥದೇ ಜೋಮು ಬರುವುದರಿಂದ, ರೋಗಿಯ ಕಸುಬನ್ನು ಕೇಳದ ವೈದ್ಯರಿಗೆ ನಿಜವಾದ ಕಾರಣ ಹೊಳೆಯದೆ ಹೋಗಬಹುದು; ಕೇಳದಿದ್ದರೂ ನೀವೇ ಹೇಳಿ.

ಈ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಇಂಥ ಕೆಲಸವನ್ನು ಹೆಚ್ಚಾಗಿ ನೆಲದ ಮೇಲೆ ಕುಳಿತೇ ಮಾಡುವುದರಿಂದ, ಮೇಲೆ ತಿರುಗುವ ಫ್ಯಾನಿಗಿಂತ, ಕುಳಿತವರ ಪಕ್ಕದಿಂದಲೇ ಗಾಳಿಯನ್ನು ಹೊರಗೆ ಎಳೆಯುವ ಫ್ಯಾನು ಉಪಯುಕ್ತ. ಬಟ್ಟೆಯ ಮುಖಗವಸು ಧೂಳನ್ನಷ್ಟು ತಡೆದೀತು, ಆವಿಯನ್ನಲ್ಲ. ವಾಸನೆಯನ್ನೂ ನಂಬುವಂತಿಲ್ಲ, ಏಕೆಂದರೆ ಮೂಗು ಸ್ವಲ್ಪ ಹೊತ್ತಿಗೇ ಅದಕ್ಕೆ ಒಗ್ಗಿಬಿಡುತ್ತದೆ. ಇನ್ನು ಬಣ್ಣದ ಕೆಲಸದವರು ಸಂಜೆ ಥಿನ್ನರಿನಲ್ಲಿ ಕೈ ತೊಳೆಯುವ ಅಭ್ಯಾಸ: ದ್ರಾವಕವು ಚರ್ಮದ ಜಿಡ್ಡನ್ನು ತೆಗೆದು, ತಾನೂ ಚರ್ಮದ ಮೂಲಕ ಒಳಗೆ ಇಳಿಯುತ್ತದೆ. ಅಡುಗೆ ಎಣ್ಣೆ ಸವರಿ ಉಜ್ಜಿ, ಆಮೇಲೆ ಸೋಪಿನಿಂದ ತೊಳೆದರೆ ಎಣ್ಣೆಬಣ್ಣ ಬಹಳಮಟ್ಟಿಗೆ ಹೋಗುತ್ತದೆ.

ಹೆಕ್ಸೇನಿನ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಕೆಲಸ ಬಿಟ್ಟ ಮೇಲೂ ಕೆಲವು ವಾರ, ಕೆಲವೊಮ್ಮೆ ಎರಡು ಮೂರು ತಿಂಗಳು, ಕಾಲಿನ ನಿಶ್ಶಕ್ತಿ ಹೆಚ್ಚುತ್ತಲೇ ಹೋಗಬಹುದು. ಬಿಟ್ಟರೂ ಗುಣವಾಗಲಿಲ್ಲ, ಹಾಗಾದರೆ ಕಾರಣ ಅಂಟಲ್ಲ ಎಂದು ತಿಳಿದು ಅದೇ ಕೋಣೆಗೆ ಮರಳಬಾರದು. ನರವು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಮಾತ್ರ ಮತ್ತೆ ಬೆಳೆಯುತ್ತದೆ. ಮೊಣಕಾಲಿನಿಂದ ಪಾದದವರೆಗೆ ಅದು ತಲುಪಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾದೀತು.