ಗೇಟಿಂದ ಕುರ್ಚಿವರೆಗೆ

ಎಲ್ರಿಗೂ ನಮಸ್ಕಾರ. ನನ್ನ ಹೆಸರು ಹೇಳಲ್ಲ, ಬೇಜಾರ್ ಮಾಡ್ಕೋಬೇಡಿ, ನಮ್ಮದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರೆ ಎಎ, ಕುಡಿತ ಬಿಡೋಕೆ ಕುಡುಕ್ರೇ ಒಬ್ರಿಗೊಬ್ರು ಆಸರೆ ಆಗೋ ಕೂಟ, ಈ ಫೆಲೋಶಿಪ್ಪಲ್ಲಿ ಹೊರಗಿನ ವೇದಿಕೆ ಮೇಲೆ ಪೂರ್ತಿ ಗುರುತು ಹೇಳ್ಕೊಳ್ಳಲ್ಲ. ನಾನೊಬ್ಬ ಕುಡುಕ, ಇವತ್ತು ಕುಡಿದಿಲ್ಲ, ಇಷ್ಟು ಗೊತ್ತಾದ್ರೆ ಸಾಕು.

ಎಎ ಮೀಟಿಂಗ್ ಹುಡುಕೋದು ಹೇಗೆ ಅಂತ ಹೇಳಿ ಅಂದ್ರು. ನನ್ನ ಹತ್ರ ಅಡ್ರೆಸ್ಸು ಮೂರು ತಿಂಗಳು ಶರ್ಟ್ ಜೇಬಲ್ಲೇ ಇತ್ತು. ನನ್ನ ಹೆಂಡತಿ ಬರೆದಿಟ್ಟಿದ್ದ ಚೀಟಿ, ಬೆವರಿಗೆ ಇಂಕು ಹರಡಿ ಅರ್ಧ ಅಳಿಸೋಗಿತ್ತು. ಬೆಂಗಳೂರಲ್ಲಿ ಒಂದು ಚರ್ಚ್ ಕಾಂಪೌಂಡ್ ಒಳಗಿನ ಸ್ಕೂಲ್ ರೂಮು, ಸಂಜೆ ಏಳು ಗಂಟೆ. ಎರಡು ಸಲ ಗೇಟ್ ತನಕ ಹೋಗಿ ವಾಪಸ್ ಬಂದೆ. ಯಾರಾದ್ರೂ ಗುರುತಿನವ್ರು ಸಿಕ್ರೆ ಅಂತ ಒಂದು ಭಯ, ಚರ್ಚಲ್ಲಿ ನಮಗೇನು ಕೆಲಸ ಅಂತ ಇನ್ನೊಂದು, ಈ ಎರಡನ್ನೂ ಹೊತ್ಕೊಂಡು ಸೀದಾ ಬಾರಿಗೆ ಹೋಗಿ ಕೂತೆ. ಬಾರಲ್ಲಿ ಇಡೀ ಏರಿಯಾ ನನ್ನ ನೋಡ್ತಿತ್ತು, ಅಲ್ಲಿ ಮಾತ್ರ ಮಾನದ ಯೋಚನೆ ಬರ್ಲಿಲ್ಲ.

ಮೂರನೇ ಸಲ ಮೊದಲು ಫೋನ್ ಮಾಡ್ದೆ. ಆ ಕಡೆಯಿಂದ ಒಬ್ರು, "ಯಾವ ಬಸ್ಸಲ್ಲಿ ಬರ್ತೀರ, ನಾನು ಗೇಟ್ ಹತ್ರ ನಿಂತಿರ್ತೀನಿ" ಅಂದ್ರು. ನಿಂತಿದ್ರು ಕಣ್ರೀ. ಒಳಗೆ ಕರ್ಕೊಂಡೋಗಿ ಟೀ ಕೊಟ್ರು, ಲೋಟ ಅರ್ಧ ಮಾತ್ರ ತುಂಬಿಸಿದ್ರು. ಯಾಕೆ ಅಂತ ಆಮೇಲೆ ಅರ್ಥ ಆಯ್ತು, ನನ್ನ ಕೈ ನಡುಗ್ತಿತ್ತು, ಪೂರ್ತಿ ತುಂಬಿಸಿದ್ರೆ ಚೆಲ್ಲಿ ನಾಲ್ಕು ಜನದ ಮುಂದೆ ನನಗೆ ನಾಚಿಕೆ ಆಗೋದು. ಅದನ್ನ ಬಾಯ್ಬಿಟ್ಟು ಹೇಳ್ಲಿಲ್ಲ ಅವ್ರು. ಕುಡಿದು ನಡುಗಿದ ಕೈಗೇ ಇನ್ನೊಂದು ನಡುಗೋ ಕೈ ಗೊತ್ತಾಗೋದು.

ಈ ಎಎ ಫೆಲೋಶಿಪ್ಪು ಶುರುವಾಗಿದ್ದೂ ಫೋನಿಂದಾನೇ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಅನ್ನೋ ಊರು. ಬಿಲ್ ಅನ್ನೋರು ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತು, ಬಿಸಿನೆಸ್ ಕೆಲಸಕ್ಕೆ ಬಂದಿದ್ರು, ಕೆಲಸ ಕೆಟ್ಟಿತ್ತು, ಹೋಟೆಲ್ ಲಾಬಿಯಲ್ಲಿ ಒಂಟಿಯಾಗಿ ನಿಂತಿದ್ರೆ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡ್ಕೊಂಡು ಫೋನ್ ಮಾಡಿ, ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂತ ಕೇಳಿದ್ರಂತೆ. ಹಾಗೆ ಸಿಕ್ಕಿದ್ದು ಡಾಕ್ಟರ್ ಬಾಬ್, ಅವ್ರೂ ಕುಡಿತದಲ್ಲಿ ಮುಳುಗಿದ್ದ ಸರ್ಜನ್ನು. ಹದಿನೈದು ನಿಮಿಷ ಮಾತ್ರ ಅಂತ ಬಂದವ್ರು ಗಂಟೆಗಟ್ಟಲೆ ಕೂತ್ರು.

ಇಂಡಿಯಾಗೆ ಇದು 1957ರಲ್ಲಿ ಬಂತು. ಇವತ್ತು ಬೆಂಗಳೂರಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೀಟಿಂಗುಗಳು ನಡೀತವೆ, ಆನ್‌ಲೈನಲ್ಲೂ ಇದೆ. ಎಎ ಇಂಡಿಯಾ ಅಂತ ಹುಡುಕಿದ್ರೆ ಹೆಲ್ಪ್‌ಲೈನ್ ನಂಬರ್ ಸಿಗುತ್ತೆ. ಫೋನ್ ಮಾಡಿ ಎರಡು ಮಾತು ಕೇಳಿ. ಯಾವ ಭಾಷೆ ಮೀಟಿಂಗು, ಮತ್ತೆ ಓಪನ್ನಾ ಕ್ಲೋಸ್ಡಾ ಅಂತ. ಓಪನ್ ಅಂದ್ರೆ ಮನೆಯವ್ರೂ ಬರಬಹುದು, ಕ್ಲೋಸ್ಡ್ ಅಂದ್ರೆ ಕುಡಿತದ ತೊಂದ್ರೆ ಇರೋರಿಗೆ ಮಾತ್ರ. ಫೀಸಿಲ್ಲ, ಫಾರಂ ಇಲ್ಲ, ಕುಡಿತ ಬಿಡಬೇಕು ಅನ್ನೋ ಆಸೆ ಒಂದಿದ್ರೆ ಸಾಕು. ಕೊನೆಗೆ ಡಬ್ಬಿ ಬರುತ್ತೆ, ರೂಮ್ ಬಾಡಿಗೆಗೆ, ಟೀಗೆ, ಮೊದಲ ಸಲ ಬಂದೋರು ಏನೂ ಹಾಕ್ಬೇಕಾಗಿಲ್ಲ. ಚರ್ಚಲ್ಲಿ ನಡೆದ್ರೂ ಚರ್ಚಿಗೆ ಸೇರಿದ್ದಲ್ಲ, ಕಡಿಮೆ ಬಾಡಿಗೆಗೆ ರೂಮ್ ಕೊಡ್ತಾರೆ ಅಷ್ಟೇ. ದೇವರು ಅನ್ನೋ ಮಾತು ಬರುತ್ತೆ ನಿಜ, ಅದನ್ನ ನಿಮಗೆ ತಿಳಿದ ಹಾಗೆ ತಗೊಳ್ಳಿ ಅಂತಾನೇ ಅಲ್ಲಿ ಹೇಳೋದು. ನಾನು ಮೊದಲ ನಾಲ್ಕು ಮೀಟಿಂಗು ಬಾಯೇ ಬಿಡ್ಲಿಲ್ಲ, ಯಾರೂ ಒತ್ತಾಯ ಮಾಡ್ಲಿಲ್ಲ. ಒಂದು ಗ್ರೂಪ್ ಹಿಡಿಸ್ಲಿಲ್ಲ ಅಂದ್ರೆ ಇನ್ನೊಂದಕ್ಕೆ ಹೋಗಿ, ದಯವಿಟ್ಟು ಒಂದೇ ಸಲಕ್ಕೆ ಕೈ ಬಿಡ್ಬೇಡಿ.

ಹಳ್ಳಿ ಕಡೆಯವ್ರಿಗೆ ಇನ್ನೊಂದು ದಾರಿ ಇದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವ್ರು ಮದ್ಯವರ್ಜನ ಶಿಬಿರ ಮಾಡ್ತಾರಲ್ಲ, ಅದು ಮುಗಿದ್ಮೇಲೆ ಶಿಬಿರಕ್ಕೆ ಹೋಗಿಬಂದವ್ರೇ ಸೇರ್ಕೊಂಡು ನವಜೀವನ ಸಮಿತಿ ಅಂತ ಮಾಡ್ಕೊಂಡು ಕೂಡ್ತಾರೆ. ಶಿಬಿರದಲ್ಲಿ ಬಿಡೋದು ಸುಲಭ, ಯಾಕಂದ್ರೆ ಅಲ್ಲಿ ಸಿಗೋದೇ ಇಲ್ಲ. ಊರಿಗೆ ಬಂದು ಅದೇ ಬೀದಿ, ಅದೇ ಅಂಗಡಿ ಮುಂದೆ ಸಂಜೆ ಆಗ್ತಿದ್ದಂಗೆ ಕಾಲು ಆ ಕಡೆ ತಿರುಗುತ್ತಲ್ಲ, ಆಗ ಬೇಕಾಗೋದು ಈ ಸಮಿತಿ.

ಒಂದು ಮಾತು ಮಾತ್ರ ಮರೀಬೇಡಿ. ದಿನಾ ಬೆಳಗ್ಗೆಯಿಂದ ಕುಡಿಯೋರು ಇದ್ದಕ್ಕಿದ್ದಂಗೆ ಮನೇಲೇ ನಿಲ್ಲಿಸಬೇಡಿ. ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರ್, ನಿಮ್ಹಾನ್ಸಲ್ಲಿ ಇದಕ್ಕೇ ಬೇರೆ ವಿಭಾಗ ಇದೆ, ಊರಲ್ಲಿ ಸರ್ಕಾರಿ ಆಸ್ಪತ್ರೆ ಇದ್ರೆ ಅಲ್ಲಿಗೆ ಹೋಗಿ. ಯಾರೂ ಗೊತ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಅಮ್ಮಂದಿರು, ಹೆಂಡತಿಯರು ಬಂದಿದೀರ, ಕಾಣ್ತಿದೆ. ನಿಮಗೂ ಬೇರೆ ಮೀಟಿಂಗ್ ಇದೆ, ಅಲ್-ಅನಾನ್ ಅಂತಾರೆ. ಮನೆಯವ್ರು ಕುಡಿತ ಬಿಟ್ಟ ಮೇಲೆ ಹೋಗ್ತೀನಿ ಅಂತ ಕಾಯ್ಬೇಡಿ, ನಿಮಗೆ ನೋವಿದೆಯಲ್ಲ, ಅಷ್ಟಕ್ಕೇ ಹೋಗಬಹುದು. ನನ್ನ ಹೆಂಡತಿ ನನಗಿಂತ ಮೊದಲೇ ಹೋಗ್ತಿದ್ಲು, ಆ ಚೀಟಿ ಬಂದಿದ್ದೇ ಅಲ್ಲಿಂದ.

ಈ ಬೀದಿ ಕೊನೇಲಿರೋ ಸ್ಕೂಲಲ್ಲಿ ಇವತ್ತು ಏಳಕ್ಕೆ ಮೀಟಿಂಗ್ ಇದೆ, ಓಪನ್ ಮೀಟಿಂಗೇ. ಆರೂ ಮುಕ್ಕಾಲಿಂದ ನಾನು ಗೇಟ್ ಹತ್ರ ನಿಂತಿರ್ತೀನಿ, ನೀಲಿ ಶರ್ಟು. ಮಾತಾಡಿಸಬೇಕು ಅಂತೇನಿಲ್ಲ, ಸುಮ್ನೆ ನನ್ನ ಹಿಂದೆ ಬನ್ನಿ, ಟೀ ನಾನೇ ಹಾಕ್ಕೊಡ್ತೀನಿ.