ಗೋತ್ರ ಬೇರೆಯಾದರೆ ಸಾಕೇ? ಬಾಂಬೆ ರಕ್ತದ ಗುಂಪು ಕಲಿಸುವ ಆನುವಂಶಿಕತೆಯ ಪಾಠ

[ದೃಶ್ಯ: ಬಿಳಿ ಬಿಲ್ಲೆಯ ಮೇಲೆ ಎರಡು ಹನಿ ರಕ್ತ. ಒಂದರ ಮೇಲೆ ನೀಲಿ ದ್ರಾವಣ, ಇನ್ನೊಂದರ ಮೇಲೆ ಹಳದಿ ದ್ರಾವಣ ಬೀಳುತ್ತದೆ.]

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ರಕ್ತದ ಗುಂಪನ್ನು ಗುರುತಿಸುವ ಸರಳ ಪರೀಕ್ಷೆ. ನೀಲಿ ದ್ರಾವಣ ಬಿದ್ದ ಹನಿ ಹಾಲು ಒಡೆದಂತೆ ಗಂಟುಗಂಟಾದರೆ ರಕ್ತದಲ್ಲಿ ‘ಎ’ ಗುರುತು ಇದೆ ಎಂದೂ, ಹಳದಿ ಬಿದ್ದದ್ದು ಹಾಗಾದರೆ ‘ಬಿ’ ಗುರುತು ಇದೆ ಎಂದೂ ತಿಳಿಯುತ್ತದೆ. ಎರಡೂ ನಯವಾಗಿಯೇ ಉಳಿದರೆ ‘ಓ’ ಎಂದು ಬರೆದುಕೊಳ್ಳುತ್ತಾರೆ. ಇಲ್ಲಿ ಎರಡೂ ನಯವಾಗಿ ಉಳಿದಿವೆ. ಆದರೆ ಇದೇ ವ್ಯಕ್ತಿಯ ಸೀರಮ್ಮಿಗೆ, ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ, ಓ ಗುಂಪಿನ ಕೆಂಪು ಕಣಗಳನ್ನು ಬೆರೆಸಿ ನೋಡಿ: ಅವು ಕೂಡ ಗಂಟುಗಟ್ಟುತ್ತವೆ. ಓ ಗುಂಪಿನವರಿಗೆ ಓ ರಕ್ತವೇ ಒಗ್ಗದಿರಲು ಹೇಗೆ ಸಾಧ್ಯ?

ಈ ಒಗಟು ಮೊದಲು ವರದಿಯಾದದ್ದು ಇದೇ ಊರಿನಲ್ಲಿ, ಅಂದಿನ ಬಾಂಬೆಯಲ್ಲಿ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ಇಂತಹ ವಿಚಿತ್ರ ರಕ್ತವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅಂದಿನಿಂದ ಅದಕ್ಕೆ ಬಾಂಬೆ ರಕ್ತದ ಗುಂಪು ಎಂಬ ಹೆಸರು. ಊರು 1995ರಲ್ಲಿ ಮುಂಬೈ ಆಯಿತು. ರಕ್ತ ಮಾತ್ರ ಇನ್ನೂ ಬಾಂಬೆಯಾಗಿಯೇ ಉಳಿದಿದೆ.

[ದೃಶ್ಯ: ಗೋಡೆಗೆ ಹೊಡೆದ ಮೊಳೆ. ಅದಕ್ಕೆ ಒಂದು ಅಂಗಿ ನೇತುಬಿದ್ದಿದೆ.]

ಕೆಂಪು ರಕ್ತಕಣದ ಮೇಲ್ಮೈಯಲ್ಲಿ ‘ಎಚ್’ ಎಂಬ ಒಂದು ಗುರುತು ಇರುತ್ತದೆ. ಅದನ್ನು ಗೋಡೆಯ ಮೊಳೆ ಎಂದುಕೊಳ್ಳಿ. ಎ ಮತ್ತು ಬಿ ಎಂಬವು ಆ ಮೊಳೆಗೆ ನೇತುಹಾಕುವ ಎರಡು ಬಗೆಯ ಅಂಗಿಗಳು. ಓ ಗುಂಪಿನವರಲ್ಲಿ ಅಂಗಿ ಇಲ್ಲ, ಬರೀ ಮೊಳೆ ಇದೆ. ಬಾಂಬೆ ಗುಂಪಿನವರಲ್ಲಿ ಮೊಳೆಯೇ ಇಲ್ಲ. ಆದ್ದರಿಂದ ಅವರ ದೇಹವು ಎಚ್ ಗುರುತನ್ನು ಹೊರಗಿನದೆಂದೇ ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ಇಟ್ಟುಕೊಂಡಿರುತ್ತದೆ. ಎ, ಬಿ, ಎಬಿ, ಓ ಈ ನಾಲ್ಕೂ ರಕ್ತಗಳಲ್ಲಿ ಆ ಗುರುತು ಇರುವುದರಿಂದ ಅವರಿಗೆ ಬಾಂಬೆ ಗುಂಪಿನವರ ರಕ್ತವಲ್ಲದೆ ಬೇರೆ ಯಾವುದೂ ಒಗ್ಗುವುದಿಲ್ಲ.

ಮೊಳೆ ಇಲ್ಲವೆಂದ ಮಾತ್ರಕ್ಕೆ ಪೆಟ್ಟಿಗೆಯಲ್ಲಿ ಅಂಗಿ ಇಲ್ಲವೆಂದಲ್ಲ. ಬಾಂಬೆ ಗುಂಪಿನ ತಾಯಿಯೊಬ್ಬಳಲ್ಲಿ ಬಿ ಗುರುತಿನ ವಂಶವಾಹಿ ಮರೆಯಾಗಿ ಕುಳಿತಿರಬಹುದು. ತಂದೆಯಿಂದ ಒಂದು ಮೊಳೆ ಸಿಕ್ಕೊಡನೆ ಮಗುವಿನಲ್ಲಿ ಆ ಬಿ ಕಾಣಿಸಿಕೊಳ್ಳುತ್ತದೆ. ಕಾಗದದ ಮೇಲೆ ತಾಯಿ ಓ, ತಂದೆ ಎ, ಮಗು ಮಾತ್ರ ಬಿ! ಇಷ್ಟನ್ನೇ ನೋಡಿ ಹೆಣ್ಣಿನ ನಡತೆಯ ಬಗ್ಗೆ ಮಾತನಾಡುವವರು ಮೊದಲು ಎಚ್ ಗುರುತಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಒಳಗಿರುವ ವಂಶವಾಹಿ ಒಂದು, ಹೊರಗೆ ಕಾಣುವ ಗುಣ ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ಸಿಕ್ಕಿಲ್ಲ.

[ದೃಶ್ಯ: 23 ಜೋಡಿ ವರ್ಣತಂತುಗಳ ಚಿತ್ರ. ಹತ್ತೊಂಬತ್ತನೆಯ ಜೋಡಿ ಬೆಳಗುತ್ತದೆ.]

ನಮ್ಮ ಜೀವಕೋಶದಲ್ಲಿ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಅವುಗಳಲ್ಲಿ ಪ್ರೋಟೀನ್ ತಯಾರಿಸುವ ವಂಶವಾಹಿಗಳು ಸುಮಾರು 20,000. ಮೊಳೆ ಹೊಡೆಯುವ ಕಿಣ್ವದ ವಂಶವಾಹಿ ಇರುವುದು 19ನೆಯ ವರ್ಣತಂತುವಿನಲ್ಲಿ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ, ವ್ಯಕ್ತಿಗೆ ಏನೂ ಗೊತ್ತಾಗುವುದಿಲ್ಲ. ಇಂತಹವರನ್ನು ವಾಹಕರು ಎನ್ನುತ್ತಾರೆ. ಪಠ್ಯಪುಸ್ತಕಗಳು ಈ ಬಗೆಯ ಗುಣವನ್ನು ‘ದುರ್ಬಲ’ ಎಂದು ಕರೆಯುತ್ತವೆ, ಆದರೆ ತಲೆಮಾರುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಸಾಗಿಬರುವ ಸಂಗತಿಯನ್ನು ದುರ್ಬಲ ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಹಾಗಾಯಿತು, ಮುಂದಿನ ಮೂರಕ್ಕೆ ಭಯವಿಲ್ಲ ಎಂಬ ಲೆಕ್ಕ ತಪ್ಪು. ಎರಡು ನಾಣ್ಯಗಳನ್ನು ಪ್ರತಿ ಸಲವೂ ಹೊಸದಾಗಿಯೇ ಚಿಮ್ಮಲಾಗುತ್ತದೆ, ಹಿಂದಿನ ಸಲ ಏನು ಬಿದ್ದಿತ್ತೆಂಬುದು ಅವಕ್ಕೆ ನೆನಪಿರುವುದಿಲ್ಲ.

[ದೃಶ್ಯ: ಮುಂಬೈಯ ಒಂದು ಕಟ್ಟಡದ ಮಹಡಿ. ಅಕ್ಕಪಕ್ಕದ ಎರಡು ಬಾಗಿಲುಗಳು.]

ಇನ್ನು ಮದುವೆಯ ಮಾತಿಗೆ ಬರೋಣ. ಮುಂಬೈಯ ಒಂದೇ ಮಹಡಿಯಲ್ಲಿ ವಿಜಯಪುರದ ಕಡೆಯವರೂ ಉಡುಪಿಯ ಕಡೆಯವರೂ ಎದುರುಬದುರು ಮನೆ ಮಾಡಿಕೊಂಡಿರುವುದು ಅಪರೂಪವಲ್ಲ. ಇಬ್ಬರ ಮನೆಯಲ್ಲಿಯೂ ಸಂಬಂಧ ಕುದುರಿಸುವಾಗ ಹತ್ತಿರದ ರಕ್ತವನ್ನು ತಪ್ಪಿಸಲು ಒಂದು ನಿಯಮವಿದೆ, ಆದರೆ ನಿಯಮಗಳು ಬೇರೆ ಬೇರೆ. ಗೋತ್ರ ನೋಡುವ ಮನೆಯಲ್ಲಿ ಅದು ತಂದೆಯಿಂದ ಬರುತ್ತದೆ. ಅಕ್ಕನ ಮಗಳು ಅವಳ ತಂದೆಯ ಗೋತ್ರಕ್ಕೆ ಸೇರಿದವಳಾದ್ದರಿಂದ ಸೋದರಮಾವನೊಡನೆ ಮದುವೆಗೆ ಗೋತ್ರದ ಅಡ್ಡಿ ಇಲ್ಲ. ಅಳಿಯಸಂತಾನದ ಮನೆಯಲ್ಲಿ ‘ಬಳಿ’ ತಾಯಿಯಿಂದ ಬರುತ್ತದೆ. ಅಲ್ಲಿ ಅಕ್ಕನ ಮಗಳದೂ ಮಾವನದೂ ಒಂದೇ ಬಳಿ, ಆದ್ದರಿಂದ ಆ ಮದುವೆಯ ಮಾತೇ ಏಳುವುದಿಲ್ಲ. ಆದರೆ ಸೋದರಮಾವನ ಮಗಳ ಬಳಿ ಬೇರೆ, ಅವಳನ್ನು ತರಬಹುದು.

ಜೀವವಿಜ್ಞಾನದ ಕಣ್ಣಿನಿಂದ ನೋಡಿದರೆ ಗೋತ್ರವು ತಂದೆಯಿಂದ ಮಗನಿಗೆ ಹೋಗುವ ವೈ ವರ್ಣತಂತುವಿನ ಹಾದಿಯನ್ನೂ, ಬಳಿಯು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಅಂಗದ) ಡಿಎನ್‌ಎ ಹಾದಿಯನ್ನೂ ಹಿಡಿದು ನಡೆಯುತ್ತವೆ. ಮೈಟೊಕಾಂಡ್ರಿಯದಲ್ಲಿರುವ ವಂಶವಾಹಿಗಳು ಬರೀ 37. ವೈ ಕೂಡ ಸಣ್ಣ ತಂತುವೇ. ಉಳಿದ ಸಾವಿರಾರು ವಂಶವಾಹಿಗಳು ಎರಡೂ ಕಡೆಯಿಂದ ಬೆರೆತು ಬರುವುದರಿಂದ ಅವುಗಳ ಲೆಕ್ಕವನ್ನು ಗೋತ್ರವೂ ಇಡುವುದಿಲ್ಲ, ಬಳಿಯೂ ಇಡುವುದಿಲ್ಲ. ಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ಕಾಲು ಭಾಗ, ಸೋದರತ್ತೆ-ಸೋದರಮಾವನ ಮಕ್ಕಳ ನಡುವೆ ಎಂಟನೆಯ ಒಂದು ಭಾಗ ಒಂದೇ ಮೂಲದಿಂದ ಬಂದಿರುತ್ತದೆ.

[ದೃಶ್ಯ: ಅಜ್ಜಿ, ಮಗ, ಮಗಳು, ಮೊಮ್ಮಗಳು. ಅಜ್ಜಿಯಿಂದ ಕೆಂಪು ಗೆರೆ ಕೆಳಗಿಳಿಯುತ್ತದೆ.]

ಭಾರತದಲ್ಲಿ ಬಾಂಬೆ ಗುಂಪಿನವರು ಸುಮಾರು 10,000ಕ್ಕೆ ಒಬ್ಬರು. ಹಾಗಾದರೆ ವಾಹಕರು ಸುಮಾರು 50ಕ್ಕೆ ಒಬ್ಬರು. ಮನೆಯ ಅಜ್ಜಿ ವಾಹಕಿ ಎಂದುಕೊಳ್ಳೋಣ. ಮಗನಿಗೆ ಅದು ಬಂದಿರುವ ಸಾಧ್ಯತೆ ಅರ್ಧ. ಆತ ಹೊರಗಿನ ಹುಡುಗಿಯನ್ನು ಮದುವೆಯಾದರೆ ಮಗು ಬಾಂಬೆ ಗುಂಪಿನದಾಗುವ ಸಾಧ್ಯತೆ ಸುಮಾರು 400ರಲ್ಲಿ ಒಂದು. ಅಕ್ಕನ ಮಗಳನ್ನೇ ಮದುವೆಯಾದರೆ, ಅವಳಿಗೂ ಅದೇ ಅಜ್ಜಿಯಿಂದ ಅದು ಬಂದಿರುವ ಸಾಧ್ಯತೆ ಕಾಲು ಭಾಗವಾದ್ದರಿಂದ, ಲೆಕ್ಕ 32ರಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಸೋದರಿಕೆಯ ಮದುವೆಯಿಂದ ಹುಟ್ಟಿದ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಅದನ್ನು ಮುಚ್ಚಿಡುವ ಕಾರಣವಿಲ್ಲ. ಏರುವುದು ಅಪರೂಪದ ಕಾಯಿಲೆಗಳ ಸಾಧ್ಯತೆ.

ಬಾಂಬೆ ಗುಂಪು ಕಾಯಿಲೆಯಲ್ಲ, ರಕ್ತ ಬೇಕಾಗುವ ತನಕ ಅದರಿಂದ ತೊಂದರೆಯೂ ಇಲ್ಲ. ಆದರೆ ಇದೇ ಗಣಿತ 11ನೆಯ ವರ್ಣತಂತುವಿನ ಹಿಮೋಗ್ಲೋಬಿನ್ ವಂಶವಾಹಿಯಲ್ಲಿ ನಡೆದರೆ ಅದು ಬೀಟಾ ಥಲಸೇಮಿಯ. ಹುಟ್ಟಿದಾಗ ಮಗು ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಬೇರೆ ಬಗೆಯದು. ಕೆಲವು ತಿಂಗಳುಗಳಲ್ಲಿ ಮಗು ಬಿಳಿಚಿಕೊಳ್ಳತೊಡಗುತ್ತದೆ. ಕಾಯಿಲೆ ತೀವ್ರವಾಗಿದ್ದರೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಬೇಕಾಗುತ್ತದೆ, ಹಾಗೆ ಕೊಟ್ಟ ರಕ್ತದಿಂದ ಸೇರುವ ಕಬ್ಬಿಣವನ್ನು ಹೊರಹಾಕಲು ದಿನವೂ ಔಷಧಿ ಬೇಕಾಗುತ್ತದೆ.

ವಾಹಕರಾದ ತಂದೆತಾಯಿಗಳಿಗೆ ಇದರ ಸುಳಿವೇ ಇರುವುದಿಲ್ಲ. ‘ಸ್ವಲ್ಪ ರಕ್ತ ಕಮ್ಮಿ’ ಎಂದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದವರಲ್ಲಿ ಕೆಲವರು ಥಲಸೇಮಿಯ ವಾಹಕರೇ ಆಗಿರುತ್ತಾರೆ. ಸಾಮಾನ್ಯ ರಕ್ತಪರೀಕ್ಷೆಯ ವರದಿಯಲ್ಲಿ ಎಂಸಿವಿ, ಎಂದರೆ ಕೆಂಪು ಕಣಗಳ ಸರಾಸರಿ ಗಾತ್ರ, ಎಂಬ ಸಾಲನ್ನು ನೋಡಿ. ಅದು 80ಕ್ಕಿಂತ ಕಡಿಮೆ ಇದ್ದು, ಮಾತ್ರೆಯಿಂದಲೂ ಏರದಿದ್ದರೆ, ಹಿಮೋಗ್ಲೋಬಿನ್ ಎ2 (ಹಿಮೋಗ್ಲೋಬಿನ್ನಿನ ಒಂದು ಬಗೆ) ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಅದು 3.5 ಶೇಕಡಾಕ್ಕಿಂತ ಹೆಚ್ಚಿದ್ದರೆ ವಾಹಕರಾಗಿರುವ ಸಾಧ್ಯತೆ ಬಲವಾಗಿರುತ್ತದೆ. ಜಾತಕದೊಡನೆ ಈ ಒಂದು ಹಾಳೆಯನ್ನೂ ಕೇಳುವವರು ನಮ್ಮಲ್ಲಿ ಇನ್ನೂ ಕಡಿಮೆ, ಕೇಳಿದರೆ ಹುಡುಗಿಯ ಕಡೆಯವರು ಮುನಿಸಿಕೊಳ್ಳುತ್ತಾರೆ ಎಂಬ ಅಳುಕೂ ಉಂಟು. ಪರೀಕ್ಷೆ ಇಬ್ಬರಿಗೂ ಬೇಕು ಎಂದು ಹುಡುಗನ ಕಡೆಯವರೇ ತಮ್ಮ ವರದಿಯನ್ನು ಮೊದಲು ಕೊಟ್ಟರೆ ಆ ಮುನಿಸಿಗೆ ಎಡೆಯಿರುವುದಿಲ್ಲ.

[ದೃಶ್ಯ: ಮತ್ತೆ ಬಿಳಿ ಬಿಲ್ಲೆ. ಈಗ ಅದರ ಪಕ್ಕದಲ್ಲಿ ಎರಡು ಹೆಸರಿಲ್ಲದ ಪರೀಕ್ಷಾನಳಿಕೆಗಳು.]

ಮೊದಲು ನೋಡಿದ ಆ ರಕ್ತದ ಒಡೆಯರಿಗೆ ನಾಳೆ ಶಸ್ತ್ರಚಿಕಿತ್ಸೆ ಎಂದುಕೊಳ್ಳಿ. ರಕ್ತನಿಧಿಯಲ್ಲಿ ಬಾಂಬೆ ಗುಂಪಿನ ಚೀಲ ಸಿಗದಿದ್ದರೆ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಒಂದು: ನಿಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಾರೆಯೇ? ಹತ್ತು ಸಾವಿರದಲ್ಲಿ ಒಬ್ಬರನ್ನು ಊರೆಲ್ಲ ಹುಡುಕುವುದಕ್ಕಿಂತ, ನಾಲ್ವರಲ್ಲಿ ಒಬ್ಬರು ಸಿಗಬಹುದಾದ ಜಾಗ ಅದೇ ಮನೆ.