ಜಗನ್ಮೋಹನ ಅರಮನೆ: ರಾಜರ ಮನೆಯಿಂದ ಚಿತ್ರಶಾಲೆವರೆಗೆ

ಮೈಸೂರಿಗೆ ಬಂದವರು ದೊಡ್ಡ ಅರಮನೆ ನೋಡಿ ಬಸ್ ಹತ್ತಿಬಿಡ್ತಾರೆ. ಅಲ್ಲಿಂದ ನಡೆದೇ ಬರುವಷ್ಟು ಹತ್ತಿರದಲ್ಲಿರೋ ಈ ಜಗನ್ಮೋಹನ ಅರಮನೆ ಅದಕ್ಕಿಂತ ಹಳೇದು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು. ಹೊಸ ಅರಮನೆ ಮುಗಿದದ್ದು 1912ಕ್ಕೆ. ಅಲ್ಲಿವರೆಗೆ ರಾಜಮನೆತನಕ್ಕೆ ಇದೇ ಮನೆ, ದರ್ಬಾರೂ ಇಲ್ಲೇ. 1900ರಲ್ಲಿ ಇದಕ್ಕೆ ಸೇರಿಸಿದ ಸಭಾಂಗಣ ಸರಿಯಾದ ಹೊತ್ತಿಗೆ ಒದಗಿಬಂತು: 1902ರ ಆಗಸ್ಟ್‌ನಲ್ಲಿ ವೈಸ್‌ರಾಯ್ ಕರ್ಜನ್ ಎದುರಲ್ಲಿ ನಾಲ್ವಡಿಯವರಿಗೆ ಅಧಿಕಾರ ಸಿಕ್ಕಿದ್ದು ಇಲ್ಲಿ. 1907ರಲ್ಲಿ ನ್ಯಾಯವಿಧಾಯಕ ಸಭೆಯ, ಅಂದ್ರೆ ಕಾನೂನು ಮಾಡೋ ಸಭೆಯ, ಮೊದಲ ಅಧಿವೇಶನ, ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಮೊದಮೊದಲ ಘಟಿಕೋತ್ಸವಗಳು ಕೂಡ. ಕಾನೂನು ಮಾಡೋ ಸಭೆ ರಾಜರ ಚಾವಡಿಯಲ್ಲೇ ಶುರುವಾಯ್ತು ಅನ್ನೋದು ನಮ್ಮ ನಾಡಿನ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

1915ರಲ್ಲಿ ಚಿತ್ರಶಾಲೆ ಆಯ್ತು. 1955ರಿಂದ ಜಯಚಾಮರಾಜೇಂದ್ರ ಒಡೆಯರ ಹೆಸರು.

ಆದರೆ ವಾಸಕ್ಕೆ ಕಟ್ಟಿದ ಮನೆಯಲ್ಲಿ ಚಿತ್ರ ಕಾಪಾಡೋದು ಕಷ್ಟ. ಗಾಳಿ, ಬೆಳಕು ಧಾರಾಳವಾಗಿ ಬರಲಿ ಅಂತ ಇಟ್ಟ ಕಿಟಕಿಗಳೇ ಚಿತ್ರಗಳಿಗೆ ಶತ್ರು. ಮಳೆಗಾಲದ ತೇವಕ್ಕೆ ಕ್ಯಾನ್ವಾಸ್ ಸಡಿಲ ಆಗುತ್ತೆ, ಬೇಸಿಗೆಯಲ್ಲಿ ಬಿಗಿಯಾಗುತ್ತೆ. ಹಳೇ ತೈಲವರ್ಣಕ್ಕೆ ಅಷ್ಟು ಬಾಗುವ ಶಕ್ತಿ ಇರಲ್ಲ, ಸೀಳು ಬಿಡುತ್ತೆ. ರವಿವರ್ಮನ ಚಿತ್ರಗಳ ಹತ್ತಿರ ನಿಂತಾಗ ಬಣ್ಣದ ಮೇಲ್ಮೈಯನ್ನ ಓರೆಯಿಂದ ನೋಡಿ, ಬಿರುಕಿದ್ದರೆ ಹಾಗೆ ನೋಡಿದಾಗಲೇ ಕಣ್ಣಿಗೆ ಬೀಳೋದು.

ಜಲವರ್ಣಕ್ಕೆ ಬೆಳಕಿನದೇ ಭಯ. ಎಸ್. ಎಲ್. ಹಲ್ದಂಕರ್ ಬರೆದ ದೀಪ ಹಿಡಿದ ಹೆಣ್ಣಿನ ಚಿತ್ರಕ್ಕೆ ಕತ್ತಲ ಕೋಣೆ ಕೊಟ್ಟಿರೋದು ನೋಟಕ್ಕೂ ಒಳ್ಳೇದು, ಚಿತ್ರದ ಆಯುಷ್ಯಕ್ಕೂ ಒಳ್ಳೇದು. ತುಂಬಾ ಜನ ಇದನ್ನೂ ರವಿವರ್ಮನದು ಅಂದ್ಕೋತಾರೆ, ಅಲ್ಲ. ಜಲವರ್ಣದಲ್ಲಿ ಸಾಮಾನ್ಯವಾಗಿ ಬೆಳಕು ಅಂದ್ರೆ ಬಣ್ಣ ಹಚ್ಚದೆ ಬಿಟ್ಟ ಕಾಗದ. ಕಾಗದ ಹಳದಿ ತಿರುಗಿದರೆ ದೀಪವೇ ಮಂಕಾದಂತೆ, ಮತ್ತೆ ಹೊತ್ತಿಸೋಕೆ ಆಗಲ್ಲ.

ಹೊರಗಿನ ಬಿಸಿಲಿಂದ ನೇರ ಈ ಕೋಣೆಗೆ ಬಂದ್ರೆ ಕಣ್ಣು ಹೊಂದಿಕೊಳ್ಳಲ್ಲ. ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಮುಖ ಕಾಣುತ್ತೆ, ಆಮೇಲೆ ಗಾಳಿಗೆ ಅಡ್ಡ ಹಿಡಿದ ಕೈ, ನಿಧಾನಕ್ಕೆ ಆ ಬೆರಳ ಸಂದಿಯ ಕೆಂಪು.